ಲೆಕ್ಕದಲ್ಲಿ ಸ್ವಲ್ಪ ಮೋಸ

ಸೆಲ್ಲಪ್ಪನ ಮನೆಯಲ್ಲಿ ಯಾವುದನ್ನೂ ಚೆನ್ನಾಗಿದೆ ಎಂದು ಬಾಯಿಬಿಟ್ಟು ಹೇಳುವ ರೂಢಿ ಇರಲಿಲ್ಲ. ಸಾಂಬಾರು ರುಚಿಯಾಗಿದ್ದರೆ ಅವನು ಮತ್ತೊಮ್ಮೆ ಹಾಕಿಸಿಕೊಳ್ಳುತ್ತಿದ್ದ, ಅಷ್ಟೇ. ತೀರಾ ಸಂತೋಷವಾದ ದಿನ ‘ಮೋಸ ಇಲ್ಲ’ ಎನ್ನುತ್ತಿದ್ದ. ತಮಿಳು ಸೀಮೆಯ ಸಿಂಗಾನಲ್ಲೂರಿನ ಆ ನೇಕಾರರ ಬೀದಿಯ ಕನ್ನಡಕ್ಕೆ ತಲೆತಲಾಂತರದಿಂದ ತಮಿಳಿನ ಸಹವಾಸ. ಅಲ್ಲಿ ಮೋಸ ಎಂದರೆ ಕೆಟ್ಟದ್ದು, ಕಳಪೆ, ಸಾಲದು ಎಂದಷ್ಟೇ ಅರ್ಥ. ಬಿಸಿಲು ಮೋಸ, ಟೌನ್ ಬಸ್ಸು ಮೋಸ, ಮೊಣಕಾಲು ನೋವು ರೊಂಬ ಮೋಸ. ಯಾರೂ ಯಾರನ್ನೂ ವಂಚಿಸದೆ ಬೆಳಗಿನಿಂದ ಸಂಜೆಯವರೆಗೆ ಆ ಬೀದಿಯವರು ಆ ಮಾತನ್ನು ಆಡಿಕೊಂಡು ಸುಖವಾಗಿದ್ದರು.

ಮಗ್ಗ ಬಿಟ್ಟು ಮಿಲ್ಲಿಗೆ ಸೇರಿದ ಮೇಲೆ ಸೆಲ್ಲಪ್ಪನಿಗೆ ಅಂಟಿಕೊಂಡ ಒಂದೇ ಹುಚ್ಚೆಂದರೆ ಹಿತ್ತಲಿನ ಪಡವಲದ ಚಪ್ಪರ. ಷಿಫ್ಟ್ ಮುಗಿಸಿ ಬಂದವನು ಅಂಗಿ ಬಿಚ್ಚುವ ಮೊದಲೇ ಅಲ್ಲಿಗೆ ಹೋಗುತ್ತಿದ್ದ. ಕಾಯಿ ಸೊಟ್ಟಗಾಗದಂತೆ ತುದಿಗೆ ಕಲ್ಲು ಕಟ್ಟುವುದು, ಚೆನ್ನಾಗಿ ಇಳಿದದ್ದಕ್ಕೆ ಗೋಣಿ ಸುತ್ತಿ ಮರೆಮಾಡುವುದು, ಇವೇ ಅವನ ಸಂಜೆಯ ಕೆಲಸ. ಪಕ್ಕದ ಮನೆಯ ಲಿಂಗಸಾಮಿ ಗೋಡೆಯಾಚೆಯಿಂದ ಇಣುಕಿದರೆ ಸಾಕು, ಈ ಸಲ ಫಸಲು ಮೋಸ ಎಂದು ರಾಗ ಎಳೆಯುತ್ತಿದ್ದ. ಬಾಯಿಂದ ಹೊಗಳಿಕೆ ಬಿದ್ದರೆ ಹಿಂದೆಯೇ ಕಣ್ಣು ಬೀಳುತ್ತದೆ ಎಂಬ ಭಯ ಅವನಿಗೆ.

ಆ ಭಯ ಅವನು ಸುಮ್ಮನೆ ಕಟ್ಟಿಕೊಂಡದ್ದಲ್ಲ. ಮೊದಲು ಹುಟ್ಟಿದ್ದು ಗಂಡುಮಗು. ನೋಡಿದವರು ಎತ್ತಿಕೊಳ್ಳದೆ ಹೋಗುತ್ತಿರಲಿಲ್ಲ. ಒಂದು ಮದುವೆ ಮನೆಯಲ್ಲಿ ಸೆಲ್ಲಪ್ಪನ್ ತಾನೇ ಅವನನ್ನು ಹೆಗಲ ಮೇಲೆ ಕೂರಿಸಿಕೊಂಡು, ನನ್ನ ಮಗನನ್ನು ನೋಡಿ ಎಂದು ಪಂಕ್ತಿಯುದ್ದಕ್ಕೂ ತೋರಿಸಿಕೊಂಡು ಬಂದಿದ್ದ. ಆ ವಾರವೇ ಜ್ವರ ಬಂದು ಮಗು ಹೋಯಿತು. ಡಾಕ್ಟರು ಏನೋ ಕಾಯಿಲೆಯ ಹೆಸರು ಹೇಳಿದರು. ಸೆಲ್ಲಪ್ಪನ್ ಮಾತ್ರ ತನ್ನ ಬಾಯಿಯನ್ನೇ ದೂರಿದ. ಆಮೇಲೆ ಹುಟ್ಟಿದ ಪೆರಿಯನಾಯಕಿಯ ಬಗ್ಗೆ ಒಂದು ಒಳ್ಳೆಯ ಮಾತನ್ನೂ ಅವನು ಯಾರ ಮುಂದೆಯೂ ಆಡಲಿಲ್ಲ. ಯಾಕೆ ಎಂದು ಮಗಳಿಗೆ ಹೇಳಿದವರೂ ಇಲ್ಲ.

ಪೆರಿಯನಾಯಕಿ ಪ್ಲಸ್ ಟೂ ಮುಗಿಸಿ ಮನೆಯಲ್ಲಿದ್ದಳು. ಬಸ್ ಸ್ಟ್ಯಾಂಡಿನ ಬಳಿ ಮೈಸೂರಿನ ಕಡೆಯ ವನಜಾಕ್ಷಮ್ಮ ಹೊಸದಾಗಿ ಸೀರೆ ಅಂಗಡಿ ಇಟ್ಟಿದ್ದರು. ಗಂಡನಿಗೆ ಈ ಊರಿಗೆ ವರ್ಗವಾಗಿತ್ತು. ಆಕೆಗೆ ತಮಿಳು ಬಾರದು. ಸೀರೆ ನೋಡಲು ಹೋದ ಪೆರಿಯನಾಯಕಿ ಗಿರಾಕಿಗಳಿಗೂ ಆಕೆಗೂ ನಡುವೆ ನಿಂತು ಮಾತು ದಾಟಿಸಿ, ಮೂರು ಸೀರೆ ಮಾರಿಸಿಯೇ ಬಂದಿದ್ದಳು. ಕೆಲಸಕ್ಕೆ ಬರುತ್ತೀಯಾ ಎಂದು ಆಕೆ ಕೇಳಿದಂದಿನಿಂದ ಹುಡುಗಿಯ ಕಾಲು ನೆಲದ ಮೇಲಿರಲಿಲ್ಲ. ಇಷ್ಟು ಆಸೆಯಿಂದ ಅವಳು ಬೇರೆ ಏನನ್ನೂ ಕೇಳಿದ್ದಿಲ್ಲ.

ಭಾನುವಾರ ವನಜಾಕ್ಷಮ್ಮ ಹಿರಿಯರನ್ನು ಕೇಳೋಣವೆಂದು ಮನೆಗೇ ಬಂದರು. ಸೆಲ್ಲಪ್ಪನ ಹೆಂಡತಿ ತಾಯಮ್ಮ ಕಾಫಿ ಕೊಟ್ಟಳು. ಹುಡುಗಿ ಚುರುಕು, ಇವಳನ್ನೇ ಗಲ್ಲಾದಲ್ಲಿ ಕೂರಿಸೋಣ ಅಂತಿದ್ದೀನಿ ಎಂದರು ಆಕೆ. ಸೆಲ್ಲಪ್ಪನ ಎದೆ ಉಬ್ಬಿತು. ಉಬ್ಬಿದ್ದೇ ತಡ, ಹೆದರಿಕೆಯೂ ಆಯಿತು. ಬೀದಿಯ ರೂಢಿಯಂತೆ ಮಾತಿನ ಕೊನೆಗೆ ಮರ್ಯಾದೆಯ ‘ಉಂಗ’ ಸೇರಿಸಿ ಅಂದ:

“ಏನೋ ಇದ್ದಾಳೆಂಗ. ಲೆಕ್ಕದಲ್ಲಿ ಮಾತ್ರ ಸೊಲ್ಪ ಮೋಸ.”

ವನಜಾಕ್ಷಮ್ಮ ಲೋಟ ಕೆಳಗಿಟ್ಟರು. “ಮನೇಲೂ ಮಾಡ್ತಾಳಾ?”

“ಮನೆ ಏನುಂಗ, ಸ್ಕೂಲಲ್ಲೂ ಹಂಗೇ. ಸಣ್ಣ ವಯಸ್ಸಿಂದಲೇ ಮೋಸ. ಟೀಚರು ಹೊಡೆದೂ ನೋಡಿದ್ರು.”

ತಾಯಮ್ಮನೂ ಸುಮ್ಮನಿರದೆ, ಅದು ಅವರಪ್ಪನ ಕಡೆಯಿಂದ ಬಂದದ್ದು, ಅತ್ತೆಯರೆಲ್ಲ ಹಾಗೆಯೇ ಎಂದು ಸೇರಿಸಿದಳು. ವನಜಾಕ್ಷಮ್ಮ ಉಳಿದ ಕಾಫಿ ಕುಡಿಯಲಿಲ್ಲ. ಹೇಳಿಕಳಿಸುತ್ತೇನೆ ಎಂದು ಎದ್ದರು. ಅಡುಗೆಮನೆಯ ಬಾಗಿಲಲ್ಲಿದ್ದ ಪೆರಿಯನಾಯಕಿ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಎಂದಿನ ಮಾತೇ ಎಂದುಕೊಂಡು ತಲೆ ತಗ್ಗಿಸಿ ಲೋಟ ತೊಳೆಯಲು ಹೋದಳು.

ಆಕೆ ಹೇಳಿಕಳಿಸಲಿಲ್ಲ. ಕಾದು ಕಾದು ಪೆರಿಯನಾಯಕಿ ತಾನೇ ಅಂಗಡಿಗೆ ಹೋದಳು. ಹೋದಷ್ಟೇ ಬೇಗ ಹಿಂತಿರುಗಿದಳು. ಹೆತ್ತ ಅಪ್ಪನೇ ಹಾಗಂದ ಮೇಲೆ ನಾನು ಹೇಗಮ್ಮ ಇಟ್ಟುಕೊಳ್ಳಲಿ ಎಂದರಂತೆ. ಸೆಲ್ಲಪ್ಪನ್ ಹಿತ್ತಲಲ್ಲಿದ್ದ. ಮಗಳು ಅಲ್ಲಿಗೇ ಬಂದು ನಿಂತಳು.

“ಒಬ್ಬರ ಹತ್ರನಾದ್ರೂ ನನ್ನ ಒಳ್ಳೇವಳು ಅಂದಿದ್ದೀಯಾಪ್ಪಾ? ಒಂದು ದಿನ?”

ಅಂದಿದ್ದರೆ ತಾನೇ ಹೇಳುವುದಕ್ಕೆ. ಅವಳು ಊಟ ಮಾಡದೆ ಮಲಗಿದಳು. ಸೆಲ್ಲಪ್ಪನಿಗೂ ಅನ್ನ ಇಳಿಯಲಿಲ್ಲ. ಕಾಪಾಡುತ್ತಿದ್ದೇನೆ ಎಂದುಕೊಂಡೇ ಇಷ್ಟು ವರ್ಷ ಈ ಹುಡುಗಿಯನ್ನು ಚುಚ್ಚಿದೆನಲ್ಲ ಎಂದು ಅವನಿಗೆ ಅನಿಸಿತು.

ಮರುದಿನ ಒಲ್ಲೆ ಎಂದ ಮಗಳನ್ನು ಬಲವಂತದಿಂದ ಕರೆದುಕೊಂಡು ಅಂಗಡಿಗೆ ಹೋದ. ಅವಳು ಮೆಟ್ಟಿಲ ಕೆಳಗೇ ನಿಂತಳು. ಸೆಲ್ಲಪ್ಪನ್ ಕೈಕಟ್ಟಿಕೊಂಡು, ಹುಡುಗಿಗೆ ಲೆಕ್ಕ ಬರುತ್ತದೆ, ಯಾವ ಲೆಕ್ಕ ಬೇಕಾದರೂ ಕೇಳಿ ನೋಡಿ ಎಂದ. ವನಜಾಕ್ಷಮ್ಮ ಮುಜುಗರದಿಂದ ಸೀರೆ ಮಡಿಸತೊಡಗಿದರು.

“ಲೆಕ್ಕ ಬರೋದು ಬೇರೆ ಯಜಮಾನ್ರೇ, ಲೆಕ್ಕದಲ್ಲಿ ಮೋಸ ಮಾಡೋದು ಬೇರೆ. ಕಳ್ಳತನ ಇರೋ ಕೈಗೆ ಗಲ್ಲಾ ಹೇಗೆ ಕೊಡ್ಲಿ?”

ಸೆಲ್ಲಪ್ಪನಿಗೆ ಒಂದು ಕ್ಷಣ ಏನೂ ತಿಳಿಯಲಿಲ್ಲ. ಆಮೇಲೆ ತಿಳಿಯಿತು. ತನ್ನ ಮಗಳನ್ನು ತಾನೇ, ತನ್ನ ಮನೆಯ ಜಗಲಿಯಲ್ಲಿ ಕೂತು, ಕಳ್ಳಿ ಎಂದು ಹೇಳಿ ಕಾಫಿ ಕೊಟ್ಟು ಕಳಿಸಿದ್ದ. ನಮ್ಮ ಬೀದಿಯಲ್ಲಿ ಮೋಸ ಎಂದರೆ ಸುಮಾರು ಅಂತ ಎಂದು ತೊದಲಿದ. ಆಕೆ ನಂಬಿದರೋ ಇಲ್ಲವೋ ಮುಖದಿಂದ ಗೊತ್ತಾಗಲಿಲ್ಲ. ಸುಮಾರು ಎಂದರೂ ಸಾಲದು ಎಂದು ಅವನಿಗೆ ಆಗ ಹೊಳೆಯಿತು.

“ಗಂಡುಮಗು ಒಂದು ಹೋಯ್ತುಂಗಮ್ಮಾ. ಅವನನ್ನ ನಾನೇ ಊರಿಗೆಲ್ಲ ತೋರಿಸಿ ಮೆರೆದೆ. ಅದಕ್ಕೆ ಇವಳ್ನ ಮಾತಲ್ಲಿ ಮುಚ್ಚಿ ಮುಚ್ಚಿ ಇಟ್ಟೆ. ಲೆಕ್ಕ ಎಲ್ಲಾ ಬಾಯಲ್ಲೇ ಮಾಡ್ತಾಳೆ. ಇವಳಮ್ಮ ಹಾಸಿಗೆ ಹಿಡಿದಾಗ ಸ್ಕೂಲಿಗೂ ಹೋಗಿ ಮನೇನೂ ನೋಡಿದ್ಳು, ಒಂದು ದಿನ ಮುಖ ಸಿಂಡರಿಸಲಿಲ್ಲ. ಬೀದೀಲಿ ಯಾರು ಊರಿಗೆ ಹೋದ್ರೂ ಬೀಗದ ಕೈ ಇವಳ ಹತ್ರಾನೇ ಕೊಡ್ತಾರೆ. ಷಿಫ್ಟ್ ಮುಗಿಸಿ ಬಂದ್ರೆ ಇವಳ ದನಿ ಕೇಳಿದ ಮೇಲೇನೇ ನನಗೆ ಮನೆಗೆ ಬಂದಂಗೆ. ಒಳ್ಳೆ ಹುಡುಗೀಂಗ. ಇಂಥಾ ಹುಡುಗಿ ನನಗೆ ಸಿಕ್ಕಬಾರದಿತ್ತು, ಸಿಕ್ಕಿದ್ದಾಳೆ.”

ವನಜಾಕ್ಷಮ್ಮ ಸೀರೆ ಮಡಿಸುವುದನ್ನು ಬಿಟ್ಟಿದ್ದರು. ಸೆರಗಿನಿಂದ ಕಣ್ಣೊರೆಸಿಕೊಂಡು, ಸೋಮವಾರದಿಂದ ಬರಲಿ ಎಂದರು. ಕಾಫಿಯನ್ನು ಅರ್ಧಕ್ಕೆ ಬಿಟ್ಟು ಎದ್ದದ್ದಕ್ಕೆ ಕ್ಷಮೆ ಕೇಳಿದರು.

ಹಿಂತಿರುಗುವಾಗ ಅಪ್ಪ ಮುಂದೆ, ಮಗಳು ಹಿಂದೆ. ಸ್ವಲ್ಪ ದೂರ ಬಂದ ಮೇಲೆ ಅವಳು ಸರಸರ ನಡೆದು ಅವನ ಪಕ್ಕಕ್ಕೆ ಬಂದಳು. ಅಣ್ಣ ಒಬ್ಬನಿದ್ದ ಎಂದು ಯಾಕೆ ಹೇಳಲಿಲ್ಲ ಎಂದು ಕೇಳಿದಳು. ಆಮೇಲೆ ಮೆಲ್ಲಗೆ ಅಂದಳು:

“ಅಂಗಡೀಲಿ ಹೇಳಿದ್ದು ಇನ್ನೊಂದು ಸಲ ಹೇಳಪ್ಪಾ.”

“ಅದೇ, ಹೇಳಿದೆನಲ್ಲ.”

“ಆ ಅಮ್ಮಂಗೆ ಹೇಳಿದೆ. ನನಗೆ ಹೇಳಲಿಲ್ಲ.”

ಮಿಲ್ಲು ಬಿಟ್ಟ ಹೊತ್ತು. ರಸ್ತೆ ತುಂಬ ಸೈಕಲ್ಲುಗಳು, ಗುರುತಿನ ಮುಖಗಳು. ಸೆಲ್ಲಪ್ಪನ್ ನಿಂತ. ಭಯ ಎಲ್ಲಿಗೂ ಹೋಗಿರಲಿಲ್ಲ. ಆದರೂ ಮಗಳ ಕಡೆ ತಿರುಗಿ, ಅವಳನ್ನು ನೋಡಿಕೊಂಡೇ, ಅಂಗಡಿಯಲ್ಲಿ ಹೇಳಿದ್ದನ್ನೆಲ್ಲ ಮೊದಲಿನಿಂದ ಹೇಳಿದ. ಪಕ್ಕದಲ್ಲಿ ಹೋಗುತ್ತಿದ್ದ ಒಬ್ಬ ಸೈಕಲ್ ನಿಧಾನ ಮಾಡಿ ತಿರುಗಿ ನೋಡಿದ. ಸೆಲ್ಲಪ್ಪನ್ ದನಿ ತಗ್ಗಿಸಲಿಲ್ಲ.