ಬೆಟಗೇರಿಯ ಎಡಗಡೆ ಸ್ಪೀಕರ್

ನಾನೊಂದು ಸ್ಪೀಕರ್, ಜೋಡಿಯಲ್ಲಿ ಎಡಗಡೆಯದು. ಮೆರವಣಿಗೆಯಲ್ಲಿ ಎದೆ ನಡುಗಿಸುವ ಜಾತಿಯಲ್ಲ, ಸ್ಟುಡಿಯೋ ಸ್ಪೀಕರ್. ಇದ್ದ ದನಿಯನ್ನು ಇದ್ದಂತೆ ಹೇಳುವುದು ನನ್ನ ಕೆಲಸ. ಈ ವಿಷಯದಲ್ಲಿ ನನಗೆ ಸ್ವಲ್ಪ ಜಂಬವಿದೆ, ಒಪ್ಪಿಕೊಳ್ಳುತ್ತೇನೆ. ಕಾರ್ಖಾನೆಯಲ್ಲಿ ಒಬ್ಬ ಹೆಣ್ಣುಮಗಳು ನನಗೆ ಎರಡು ಬಾಯಿ ಕೂರಿಸಿದಳು. ಕೆಳಗಿನ ದೊಡ್ಡದು ಗುಡುಗಿನಂಥ ದನಿಗೆ, ಮೇಲಿನ ಸಣ್ಣದು ಗೆಜ್ಜೆಯಂಥ ದನಿಗೆ. ಆಕೆಯ ಹೆಸರು ನನಗೆ ತಿಳಿಯದು. ಆದರೂ ಆಕೆಯ ಕೈ ತಣ್ಣಗಿರಲಿ.

ಮೊದಲು ಹುಬ್ಬಳ್ಳಿಯ ಗುರುಪಾದ ಮಾಸ್ತರರ ಮನೆ ಸೇರಿದೆ. ಭಜನೆ, ನಾಟಕದ ಹಾಡುಗಳನ್ನು ಧ್ವನಿಮುದ್ರಿಸುವುದು ಅವರ ಕಸುಬು. ಹನ್ನೊಂದು ವರ್ಷ ದಿನಾ ಬೆಳಿಗ್ಗೆ ತಮ್ಮ ಧೋತರದ ಚುಂಗಿನಿಂದ ನನ್ನ ಧೂಳು ಒರೆಸಿದರು. ವಯಸ್ಸಾಗಿ ಸ್ಟುಡಿಯೋ ಮುಚ್ಚಿದಾಗ ನಮ್ಮಿಬ್ಬರನ್ನೂ ಕೌದಿಯಲ್ಲಿ ಸುತ್ತಿ ಬೆಟಗೇರಿಯ ಅಂಬರೇಶನ ಕೈಗೆ ಒಪ್ಪಿಸಿದರು. "ಜ್ವಾಕಿ ನೋಡಪಾ, ಇವು ಸುಳ್ಳು ಹೇಳಂಗಿಲ್ಲ" ಅಂದರು. ಬಸ್ಸಿನ ದಾರಿಯುದ್ದಕ್ಕೂ ಆ ಮಾತು ನೆನೆದು ಉಬ್ಬಿದೆ.

ಅಂಬರೇಶ ಹದಿನಾರನೇ ವಯಸ್ಸಿನಿಂದ ವಿದ್ಯುತ್ ಮಗ್ಗದ ನೇಕಾರ. ಮುಂಜಾನೆಯ ಪಾಳಿ ಮುಗಿಸಿ ಬಂದವನೇ, ಗೋಡೆಗೆ ಹತ್ತಿಯ ಗಾದಿ ಆನಿಸಿದ ಪುಟ್ಟ ಕೋಣೆಯಲ್ಲಿ ಲ್ಯಾಪ್‌ಟಾಪ್ ತೆರೆದು ಕೂರುತ್ತಿದ್ದ. ಮಗ್ಗದ ಖಟಪಟವನ್ನೇ ಫೋನಿನಲ್ಲಿ ಹಿಡಿದು ತಂದು, ಅದಕ್ಕೆ ಕಂಪ್ಯೂಟರಿನ ಬೀಟು, ಭಜನೆಯ ಕಂಚಿನ ತಾಳ, ತಂಬೂರಿಯಂಥ ಗುಂಯ್‌ಗುಡುವಿಕೆ ಸೇರಿಸುತ್ತಿದ್ದ. ಆಮೇಲೆ ಒಂದೊಂದು ದನಿಯನ್ನೂ ಏರಿಸಿ ಇಳಿಸಿ, ಯಾವುದೂ ಇನ್ನೊಂದನ್ನು ತುಳಿಯದಂತೆ ಕೂರಿಸುವ ಮಿಕ್ಸಿಂಗ್. ಮಾಸ್ತರರಲ್ಲಿ ನಾನು ಇಂಥದ್ದು ಕೇಳಿರಲಿಲ್ಲ. ಮೊದಲ ದಿನ ಗಾಬರಿಯಾದರೂ ವಾರದೊಳಗೆ ಮರುಳಾದೆ.

ಧಾರವಾಡದ ನೃತ್ಯ ಶಿಕ್ಷಕಿ ವೈಜಯಂತಿ ತಮ್ಮ ಹೊಸ ಕುಣಿತಕ್ಕೆ ಇವನ ಸಂಗೀತ ಕೇಳಿದರು. ಅವನ ಹೆಸರು ಅಚ್ಚಾಗಲಿದ್ದ ಮೊದಲ ಕೆಲಸ ಅದು. ಕಳಿಸಿದ, ವಾಪಸ್ ಬಂತು. ತಿದ್ದಿ ಕಳಿಸಿದ, ಮತ್ತೆ ವಾಪಸ್ ಬಂತು.

"ಹಾಡು ಚಲೋ ಐತ್ರಿ, ಆದ್ರ ಕಿವಿಗೆ ಚುಚ್ಚತೈತಿ. ಹುಡುಗ್ಯಾರು ಕಿವಿ ಮುಚ್ಕೊಂಡು ಕುಣೀಬೇಕೇನ್ರಿ? ಶುಕ್ರವಾರದೊಳಗ ಆಗಲಿಲ್ಲಂದ್ರ ನಾ ಬ್ಯಾರೆ ಯಾರಿಗರೆ ಹೇಳ್ತೀನಿ" ಅಂದರು ಫೋನಿನಲ್ಲಿ.

ಅಂಬರೇಶ ತಲೆ ಕೆರೆದುಕೊಂಡ. ತಾಳ ಅವನಿಗೆ ಮಂಕಾಗಿಯೇ ಕೇಳುತ್ತಿತ್ತು. "ಈ ಸ್ಪೀಕರಿನ ಸಣ್ಣ ದನಿ ಸತ್ತೈತಿ" ಅಂದ. ನನಗೆ ಮೈಯೆಲ್ಲ ಉರಿಯಿತು. ಹೇಳೋಣವೆಂದರೆ ಅವನು ಕೊಟ್ಟ ದನಿಯ ಹೊರತು ನನಗೆ ಸ್ವಂತ ಮಾತಿಲ್ಲ. ಅವನು ತಾಳವನ್ನು ಇನ್ನಷ್ಟು ಏರಿಸಿದ.

ಬುಧವಾರ ಮಧ್ಯಾಹ್ನ ಹೆಂಡತಿ ಬನವ್ವ ಚಹಾ ತಂದಳು. ಮನೆಯಲ್ಲೇ ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತುವವಳು, ಸದ್ದುಗದ್ದಲದ ಶೆಡ್ಡಿನಲ್ಲಿ ದುಡಿದವಳಲ್ಲ. ಬಾಗಿಲಲ್ಲೇ ಮುಖ ಕಿವುಚಿದಳು.

"ರೀ, ಆ ತಾಳ ಒಂದೀಟು ಇಳಸ್ರಿ. ಹಲ್ಲು ಜುಮ್ ಅಂತಾವ."

"ಎಲ್ಲೈತಿ ಅಷ್ಟು ಜೋರು?"

ಉಳಿದದ್ದೆಲ್ಲ ನಿಲ್ಲಿಸಿ ತಾಳದ ತೀರ ಸಣ್ಣ ದನಿಯೊಂದನ್ನೇ ಬಿಟ್ಟ. ನಾನು ಶಕ್ತಿಮೀರಿ ಹಾಡಿದೆ. ತೆರೆಯ ಮೇಲೆ ಹಸಿರು ಗೆರೆ ಕುಣಿಯುತ್ತಿತ್ತು. ಬನವ್ವ ಕಿವಿ ಮುಚ್ಚಿಕೊಂಡಿದ್ದಳು. ಅಂಬರೇಶ ಗೆರೆಯನ್ನು ನೋಡಿದ, ಅವಳನ್ನು ನೋಡಿದ, ನನ್ನ ಬಳಿ ಬಂದು ಕಿವಿ ತಾಗಿಸಿದ. ಅವನಿಗೆ ಏನೂ ಕೇಳಲಿಲ್ಲ.

"ಇಪ್ಪತ್ತು ವರ್ಷದ ಮಗ್ಗ," ಅಂದ ಕೊನೆಗೆ. "ಕಿವಿ ತಿಂದುಬಿಟ್ಟೈತಿ ನೋಡು. ಟೀಚರಿಗೆ ಆಗಂಗಿಲ್ಲ ಅಂತ ಹೇಳಿಬಿಡ್ತೀನಿ."

ಅವನ ಮೇಲಿದ್ದ ನನ್ನ ಸಿಟ್ಟೆಲ್ಲ ಅಲ್ಲೇ ಇಳಿದುಹೋಯಿತು. ಇಷ್ಟು ದಿನ ಹಾಡಿದ್ದರಲ್ಲಿ ಅರ್ಧ ಅವನನ್ನು ಮುಟ್ಟಿಯೇ ಇರಲಿಲ್ಲವಲ್ಲ ಎಂದು ಸಂಕಟವಾಯಿತು.

ಬನವ್ವ ಚಹಾ ಕೆಳಗಿಟ್ಟು ಅವನ ಕುರ್ಚಿಯಲ್ಲಿ ತಾನೇ ಕೂತಳು. ಮಗ್ಗದ ಶೆಡ್ಡಿನಲ್ಲಿ ಮಾತು ಕೇಳಿಸುವುದಿಲ್ಲವಾದ್ದರಿಂದ ನೇಕಾರರು ಕೈಸನ್ನೆಯಲ್ಲೇ ಮಾತಾಡುತ್ತಾರೆ. ವರ್ಷಗಟ್ಟಲೆ ಬುತ್ತಿ ಒಯ್ದವಳಿಗೆ ಅವೆಲ್ಲ ಗೊತ್ತು. "ಹಾಡು ಹಚ್ರಿ," ಅಂದವಳೇ ಕೈಯೆತ್ತಿ ಎರಡು ಬೆರಳನ್ನು ಕತ್ತರಿಯಂತೆ ಆಡಿಸಿದಳು. ಎಳೆ ಹರಿದಿದೆ, ನಿಲ್ಲಿಸು ಎಂಬ ಸನ್ನೆ ಅದು. ಅವನ ಕೈ ತಾನಾಗಿ ನಿಂತಿತು. ತಾಳ ಇಳಿಸಿದ. ಅವಳು ಅಂಗೈ ಕೆಳಗೆ ಮಾಡಿ, ಇನ್ನೂ ಮೆತ್ತಗೆ ಅಂದಳು. ಮತ್ತೆ ಇಳಿಸಿದ. ಹೆಬ್ಬೆರಳನ್ನು ತೋರುಬೆರಳಿಗೆ ಉಜ್ಜಿದಳು, ನೂಲು ನುಣುಪಾಯಿತು ಎಂದು. ಎರಡು ಮಧ್ಯಾಹ್ನ ಹೀಗೆಯೇ ಸಾಗಿತು. ಬೀಟು, ಗುಂಯ್‌ಗುಡುವಿಕೆ ಅವನ ಲೆಕ್ಕ, ಸಣ್ಣ ದನಿ ಅವಳದು. ಒಮ್ಮೆ ಅವನು ಹಟ ಹಿಡಿದದ್ದಕ್ಕೆ ಅವಳು ತೋರಿಸಿದ ಸನ್ನೆಯನ್ನು ಇಲ್ಲಿ ವಿವರಿಸಲಾರೆ.

ಶುಕ್ರವಾರ ವೈಜಯಂತಿ ಫೋನ್ ಮಾಡಿ, "ಹಿಂಗ ಇರಬೇಕು ನೋಡ್ರಿ" ಅಂದರು. ಕಾರ್ಯಕ್ರಮದ ಹಾಳೆಯಲ್ಲಿ ಮಿಕ್ಸಿಂಗ್ ಎಂಬುದರ ಮುಂದೆ ಎರಡು ಹೆಸರು ಅಚ್ಚಾದವು. ಅಂದಿನಿಂದ ಅಂಬರೇಶ ಕಿವಿಗೆ ಬಿರಡೆ ಇಟ್ಟುಕೊಂಡೇ ಪಾಳಿಗೆ ಹೋಗುತ್ತಾನೆ.

ಆಮೇಲೆ ಎಂಟು ವರ್ಷ ದುಡಿದೆ. ಈಗ ನನ್ನ ಮೇಲಿನ ಬಾಯಿ ನಿಜವಾಗಿಯೇ ಸತ್ತಿದೆ. ಮೇಜಿನ ಮೇಲೆ ಹೊಸ ಜೋಡಿ ಬಂದಿದೆ, ನನ್ನ ಜೋಡಿಯ ಬಲಗಡೆಯದು ಮಠದ ಭಜನಾ ಮಂಡಳಿ ಸೇರಿದೆ. ಮೊನ್ನೆ ಮನೆ ಒಪ್ಪ ಮಾಡುವಾಗ ಬನವ್ವ ನನ್ನನ್ನು ಹಚ್ಚಿ ನೋಡಿ, "ಇದರಾಗ ಸಣ್ಣ ದನಿ ಬರವಲ್ದು, ಗುಜರಿಗೆ ಹಾಕೂಣು" ಅಂದಳು.

ಅಂಬರೇಶ ಬಂದು ಕಣ್ಣು ಮುಚ್ಚಿ ಕೇಳಿದ.

"ಇರ್ಲಿ ಬಿಡು," ಅಂದ. "ನನಗ ಕೇಳಸೂದೆಲ್ಲಾ ಇದು ಹೇಳ್ತೈತಿ."

ಗೋಡೆಯ ಗೂಡಿನಲ್ಲಿಟ್ಟು ವೈರು ಸಿಕ್ಕಿಸಿದ. ದಿನಾ ಮಧ್ಯಾಹ್ನ ಅವನೊಬ್ಬನಿಗಾಗಿ ಒಂದು ಹಾಡು ಹೇಳುತ್ತೇನೆ, ಅದರಲ್ಲಿ ಒಂದು ದನಿಯೂ ಅವನಿಗೆ ತಪ್ಪುವುದಿಲ್ಲ.