ಸ್ಲೇಟಿಗೆ ನೀರು

“ಲೇ ಲೇ ಲೇ, ಅಲ್ಲೇ ನಿಂತ್ಕಳ್ಲಾ ನನ್ಮಗನೇ! ಮೆಟ್ಲು ಹತ್ತಾಕ್ ಬತ್ತೀಯಾ? ಶರ್ಟ್ ಬೇರೆ ತೊಟ್ಕಂಡ್ ಬಂದ್ಬುಟ್ಟವ್ನೆ ಮದ್ಲಿಂಗನಂಗೆ. ಗುಂಡಿ ನೋಡು, ಬಿಳೀ ಗುಂಡಿ!”

ಜಗಲಿಯ ಕುರ್ಚಿಯಿಂದ ಹೀಗೆ ಬರಮಾಡಿಕೊಂಡವರು ಸೋಮಶೇಖರಪ್ಪ. ಕಲ್ಯಾಣದುರ್ಗದಲ್ಲಿ ದೊಡ್ಡ ಜಮೀನುದಾರರು, ತಮ್ಮದೇ ಒಂದು ಕನ್ನಡ ಶಾಲೆಗೆ ಮ್ಯಾನೇಜರು. ಮುನೆಪ್ಪ ಅಂಗಳದ ನಡುವೆಯೇ ನಿಂತ. ಆ ಶಾಲೆಯ ಮೇಷ್ಟ್ರ ಕೆಲಸದ ಇಂಟರ್‌ವ್ಯೂಗೆಂದು ಅವನು ಹಿಂದೂಪುರದಿಂದ ಇದ್ದಿಲು ಬಸ್ಸಿನ ಹೊಗೆ ಕುಡಿದುಕೊಂಡು ಬಂದಿದ್ದ. ಜೊತೆಗೆ ಬಂದ ತಾಯಿ ಆದೆಮ್ಮ ಗೇಟಿನಾಚೆ ಕುಕ್ಕರುಗಾಲಲ್ಲಿ ಕೂತಿದ್ದಳು. ಹುಣಸೆ ಮಂಡಿಯಲ್ಲಿ ಹಣ್ಣು ಕುಟ್ಟಿ ಬೀಜ ಬಿಡಿಸಿ ಮಗನನ್ನು ಮೇಷ್ಟ್ರ ಟ್ರೇನಿಂಗಿನವರೆಗೆ ಓದಿಸಿದವಳು. ಈ ಕೆಲಸ ಸಿಕ್ಕರೆ ಮಗ ಮೇಷ್ಟ್ರು, ಇಲ್ಲದಿದ್ದರೆ ನಾಳೆ ಅವನೂ ಅವಳ ಪಕ್ಕ ಕೂತು ಹುಣಸೆ ಕುಟ್ಟಬೇಕು, ಅಷ್ಟೇ.

ಅವನನ್ನು ಕರೆದಿದ್ದೇನು ಪ್ರೀತಿಗಲ್ಲ. ಒಬ್ಬ ಹರಿಜನನನ್ನಾದರೂ ಪರೀಕ್ಷೆ ಮಾಡಿ ನೋಡಿ, ಇಲ್ಲದಿದ್ದರೆ ಮದರಾಸು ಸರ್ಕಾರದಿಂದ ಗ್ರಾಂಟು ಬರುವುದಿಲ್ಲ ಎಂದು ಶಾಲಾ ಇನ್‌ಸ್ಪೆಕ್ಟರು ಹೇಳಿ ಹೋಗಿದ್ದರು. ನೋಡಿ ಎಂದಿದ್ದರು, ತೆಗೆದುಕೊಳ್ಳಿ ಎಂದಿರಲಿಲ್ಲ. ಅದೇ ಕೆಲಸಕ್ಕೆ ಬಂದಿದ್ದ ಸೋಮಶೇಖರಪ್ಪನವರ ಅಳಿಯನ ತಮ್ಮ ಆಗಲೇ ಪರೀಕ್ಷೆ ಮುಗಿಸಿ ಒಳಗೆ ಸೊರ್ ಸೊರ್ ಎಂದು ಕಾಫಿ ಹೀರುತ್ತಿದ್ದ.

ಗುಮಾಸ್ತ ಆದಿನಾರಾಯಣ ಸ್ಲೇಟು, ಬಳಪ ತಂದು ನೆಲದ ಮೇಲಿಟ್ಟು ಹಿಂದೆ ಸರಿದ. “ತೀಸ್ಕೋರಾ. ದೂರಂಗಾ ಉಂಡು,” ತಗೋ, ದೂರ ನಿಲ್ಲು ಎಂದು ತೆಲುಗಿನಲ್ಲಿ ಗದರಿದ.

“ಬರ್ಕಳ್ಲಾ,” ಎಂದರು ಸೋಮಶೇಖರಪ್ಪ, “ಕುರುಬನು ಕುರಿಗಳನ್ನು ಬೆಟ್ಟಕ್ಕೆ ಹೊಡೆದುಕೊಂಡು ಹೋದನು.”

ಎಳೆ ಮಕ್ಕಳ ಉಕ್ತಲೇಖನ! ಮುನೆಪ್ಪ ಮುತ್ತು ಪೋಣಿಸಿದಂತೆ ಬರೆದು ಸ್ಲೇಟನ್ನು ನೆಲಕ್ಕಿಟ್ಟ. ಆದಿನಾರಾಯಣ ಮುಟ್ಟುವ ಮುಂಚೆ ಚೊಂಬಿನ ನೀರನ್ನು ಅದರ ಮೇಲೆ ಹುಯ್ದ. ಮೈಲಿಗೆ ಹೋಗಬೇಕಲ್ಲ! ಮೈಲಿಗೆಯ ಜೊತೆ ಕುರುಬನೂ ಹೋದ, ಕುರಿಯೂ ಹೋಯಿತು. ನೀರು ಸೋರುವ ಸ್ಲೇಟನ್ನು ಎರಡು ಬೆರಳಲ್ಲಿ ಎತ್ತಿ ಯಜಮಾನರಿಗೆ ತೋರಿಸಿದ.

“ಏನೂ ಬರ್ದೇ ಇಲ್ವಲ್ಲೋ!”

“ಬರ್ದಿದ್ದೆ ಸ್ವಾಮಿ. ನೀರು ಹಾಕುದ್ರಲ್ಲ, ಅಳಿಸೋಯ್ತು.”

“ಅಂಗಾರೆ ಇನ್ನೊಂದ್ ಕಿತ ಬರಿ.”

ಬರೆದ. ಬಳಪ ಮುರಿಯುವಷ್ಟು ಒತ್ತಿ ಬರೆದ. ಮತ್ತೆ ನೀರು. ಈ ಸಲ ಆದಿನಾರಾಯಣ ತುಟಿ ಕಚ್ಚಿ ನಗು ತಡೆಯುತ್ತಿದ್ದ. ಅಯ್ಯೋ, ಇದಾ ವಿಷಯ! ಬೇಕಂತಲೇ ಅಳಿಸುತ್ತಿದ್ದಾರೆ ಎಂದು ಮುನೆಪ್ಪನಿಗೆ ಆಗ ಹೊಳೆಯಿತು.

“ಸ್ವಾಮಿ, ನಾನೇ ಎತ್ತಿ ಹಿಡಿತೀನಿ. ಅಲ್ಲಿಂದ್ಲೇ ನೋಡ್ಕಳಿ.”

“ದೂರದ್ದು ಕಾಣಾಕಿಲ್ಲ ಕಣ್ಲಾ ನಂಗೆ. ಪೊರೆ ಬಂದೈತೆ.”

ಅಂಗಳದ ನಡುವಿನ ಶರಟಿನ ಗುಂಡಿ ಕಂಡಿತ್ತು ಆ ಕಣ್ಣಿಗೆ!

ಸೋಮಶೇಖರಪ್ಪ ಬಾಯಲ್ಲಿದ್ದ ಎಲೆಯಡಿಕೆಯ ರಸವನ್ನು ಜಗಲಿಯಿಂದ ಪಿಚಕ್ಕನೆ ಉಗಿದರು. ಮುನೆಪ್ಪನ ಪಾದದ ಮೇಲೆ ಬಿತ್ತು. ಬೆಚ್ಚಗಿತ್ತು. ಥೂ, ಅದರ ನಾತವೇ!

“ಸೊನ್ನೆ ಹಾಕ್ಕಳಯ್ಯ ಆದಿನಾರಾಯಣ. ಮಾದಿಗನ್ನ ಕರೆದ್ವಿ, ಪರೀಕ್ಷೆ ಮಾಡುದ್ವಿ, ಅವ್ನಿಗೆ ಅಕ್ಷರ ಬರಾಕಿಲ್ಲ. ಇನ್‌ಸ್ಪೆಕ್ಟ್ರಿಗೆ ಅಂಗೇ ಬರಿ.” ಮುನೆಪ್ಪನ ಕಡೆ ತಿರುಗಿ, “ಕೊಟ್ಟಿಗೇಲಿ ಸಗಣಿ ಬಾಚಾಕೆ ಆಳು ಬೇಕು ಕಣ್ಲಾ. ಅದುಕ್ಕೆ ಪರೀಕ್ಷೆ ಇಲ್ಲ,” ಎಂದರು. ಒಳಗಿದ್ದವನು ಕಾಫಿ ನೆತ್ತಿಗೇರುವಂತೆ ನಕ್ಕ.

“ಬಾರೋ ಮಗ, ಹೋಗಾನ,” ಎಂದಳು ಗೇಟಿನಾಚೆಯಿಂದ ಆದೆಮ್ಮ.

ಮುನೆಪ್ಪ ಹೋಗಲಿಲ್ಲ. ಆದಿನಾರಾಯಣ ಪಕ್ಕಕ್ಕಿಟ್ಟಿದ್ದ ಸ್ಲೇಟನ್ನು ಎತ್ತಿಕೊಂಡು ಬಿಳೀ ಶರಟಿಗೇ ಒರೆಸಿ ಒಣಗಿಸಿದ. ನಿಂತಲ್ಲೇ ಅದೇ ಸಾಲನ್ನು ಬರೆದ. ಬರೆದವನು ಮೆಟ್ಟಿಲು ಹತ್ತಿದ. ಎಲೆಯಡಿಕೆಯ ರಸ ಮೆತ್ತಿದ ಪಾದ ಜಗಲಿಯ ಮೇಲೆ ಕೆಂಪಗೆ ಮೂಡಿತು.

“ಏಯ್! ಏಯ್ ಬೇವರ್ಸಿ!” ಸೋಮಶೇಖರಪ್ಪ ಕುರ್ಚಿಯಿಂದ ಏಳುವಷ್ಟರಲ್ಲಿ ಮುನೆಪ್ಪ ಅವರ ಬಲಗೈ ಮಣಿಕಟ್ಟು ಹಿಡಿದ. ಸ್ಲೇಟನ್ನು ಆ ಕೈಗಿಟ್ಟು, ಮೆತ್ತನೆಯ ಬೆರಳುಗಳನ್ನು ಒಂದೊಂದಾಗಿ ಅದರ ಅಂಚಿಗೆ ಮಡಿಸಿ, ಮೇಲೆ ತನ್ನ ಕೈ ಒತ್ತಿದ.

“ಓದಿ.”

“ನೀರು! ಲೇ, ನೀರು ತಗಂಡ್ ಬಾರೋ!”

ಆದಿನಾರಾಯಣ ಚೊಂಬು ಎತ್ತಿದ. ಹುಯ್ದರೆ ಯಜಮಾನರ ಮೇಲೆಯೇ ಹುಯ್ಯಬೇಕು. ಎತ್ತಿದ ಕೈ ಎತ್ತಿದಂತೆಯೇ ನಿಂತಿತು.

“ಹುಯ್ಯಿ,” ಎಂದ ಮುನೆಪ್ಪ ಅವನಿಗೆ. “ಎಷ್ಟಾರ ಹುಯ್ಯಿ. ನಾ ಕೈ ಬಿಡಾಕಿಲ್ಲ.”

ಹಿತ್ತಲಿನಿಂದ ಆಳುಗಳು ದೊಣ್ಣೆ ಹಿಡಿದು ಓಡಿ ಬರುವ ಸದ್ದಾಯಿತು. ಗೇಟು ನೂಕಿಕೊಂಡು ಆದೆಮ್ಮ ಒಳಗೆ ನುಗ್ಗಿದಳು. ಮುನೆಪ್ಪ ತಿರುಗಿ ನೋಡಲಿಲ್ಲ. ಬೆವರುತ್ತಿದ್ದ ಆ ಮಣಿಕಟ್ಟನ್ನು ಇನ್ನಷ್ಟು ಬಿಗಿ ಹಿಡಿದು ಸ್ಲೇಟನ್ನು ಯಜಮಾನರ ಮೂಗಿನ ಹತ್ತಿರಕ್ಕೆ ತಂದ.

“ಓದ್ಲಾ!”