ಊಟಕ್ಕೆ ಮೊದಲಿನ ಪ್ರಾರ್ಥನೆ

ಅಂಬಾದಾಸನೂ ಅವನ ಹೆಂಡತಿ ಶಿವಕಾಂತಾಳೂ ಮಾತು ಬಿಟ್ಟು ಒಂದು ಮಳೆಗಾಲವೇ ಕಳೆದಿತ್ತು. ಪೂರ್ತಿ ಬಿಟ್ಟಿದ್ದರು ಎನ್ನುವ ಹಾಗಿಲ್ಲ, ದೇವರ ಮೂಲಕ ಆಡುತ್ತಿದ್ದರು. ಹುಮನಾಬಾದ ಕಡೆಯ ಕ್ರೈಸ್ತರು ಅವರು. ಪ್ರಾರ್ಥನೆ ಮಾಡದೆ ತುತ್ತು ಎತ್ತಿದವರಲ್ಲ. ಪುಣೆಗೆ ಬಂದು ಕೊಂಢವಾದಲ್ಲಿ ಸಂಸಾರ ಹೂಡಿದ ಮೇಲೂ ಆ ಪದ್ಧತಿ ತಪ್ಪಿರಲಿಲ್ಲ. ಮಗಳು ಸೊಲ್ಲಾಪುರದ ಹಾಸ್ಟೆಲಿನಲ್ಲಿದ್ದು ನರ್ಸಿಂಗ್ ಓದುತ್ತಿದ್ದಳು. ಹಾಗಾಗಿ ರೊಟ್ಟಿ ಬುಟ್ಟಿಯ ಆಚೆಗೊಬ್ಬರು ಈಚೆಗೊಬ್ಬರು ಕಣ್ಣು ಮುಚ್ಚಿ ಕೂತರೆ, ಕೇಳುವವನು ಮೇಲಿನವನೊಬ್ಬನೇ.

“ಕರ್ತನೇ, ನಾಳಿ ಕೆಲಸಕ್ಕ ದೌಂಡಕ್ಕ ಹೊಂಟೀನಿ. ಎರಡ ದಿನ ಬರಾಂಗಿಲ್ಲ. ಮನಿ ಕಾಯಿ,” ಎಂದು ಅಂಬಾದಾಸ ಮುಗಿಸಿದರೆ ಶಿವಕಾಂತಾ ಶುರು ಮಾಡುತ್ತಿದ್ದಳು: “ದೇವರೇ, ಗ್ಯಾಸ್ ಮುಗೀಲಿಕ್ಕೆ ಬಂದದ. ಹೋಗೋರಿಗೆ ಬುಕ್ ಮಾಡಿ ಹೋಗೋ ಬುದ್ಧಿ ಕೊಡು. ಆಮೆನ್.”

ಬೆಳಗಾಗುವುದರೊಳಗೆ ಗ್ಯಾಸ್ ಬುಕ್ ಆಗಿರುತ್ತಿತ್ತು. ಪಾಪ, ದೇವರಿಗೆ ಇಷ್ಟು ಸಣ್ಣ ಕೆಲಸ ಬೇರೆ ಯಾರೂ ಹಚ್ಚಿರಲಿಕ್ಕಿಲ್ಲ.

ಮಾತು ಬಿಟ್ಟ ಕಾರಣ ಮಾತ್ರ ಸಣ್ಣದಲ್ಲ. ಬೇಸಿಗೆಯಲ್ಲಿ ಶಿವಕಾಂತಾಳ ಅಪ್ಪ ತೀರಿಕೊಂಡಾಗ ಅಂಬಾದಾಸ ಮಣ್ಣಿಗೆ ಬರಲಿಲ್ಲ. ಅವನು ಟೈಲ್ಸ್ ಕೂಡಿಸುವ ಮೇಸ್ತ್ರಿ. ಅರ್ಧಕ್ಕೆ ಬಿಟ್ಟರೆ ಬಿಲ್ಡರ್ ಬೇರೆಯವರನ್ನು ಹಚ್ಚುತ್ತಾನೆ ಎಂದು ಹೆದರಿ, “ನೀ ಮುಂದ ನಡಿ, ನಾ ಬರ್ತೀನಿ” ಎಂದು ಫೋನಿನಲ್ಲಿ ಹೇಳಿದವನು ಊರು ಮುಟ್ಟಿದ್ದು ಎಲ್ಲ ಮುಗಿದ ಮೇಲೆ. ಪೆಟ್ಟಿಗೆಯನ್ನು ಕುಣಿಗೆ ಇಳಿಸಿದಾಗ ಮನೆಯವರೆಲ್ಲ ಒಂದೊಂದು ಹಿಡಿ ಮಣ್ಣು ಹಾಕಬೇಕು. ಮಗ ಹಾಕಿದ. ಅಳಿಯನ ಸರದಿ ಬಂದಾಗ ಜನರೆಲ್ಲ ಶಿವಕಾಂತಾಳ ಮುಖ ನೋಡಿದರು. ಅಪ್ಪ ಹೋದ ದುಃಖಕ್ಕಿಂತ ಆ ನೋಟವೇ ಅವಳನ್ನು ಹೆಚ್ಚು ಸುಟ್ಟಿತು.

ಅಂಬಾದಾಸ ಕ್ಷಮೆ ಕೇಳಲಿಲ್ಲವೇ? ಕೇಳಿದ, ದೇವರಿಗೆ. ಪುಣೆಗೆ ಮರಳಿದ ದಿನವೇ ಊಟಕ್ಕೆ ಕೂತು, “ತಪ್ಪಾಗ್ಯದ ಕರ್ತನೇ, ಮಾಫ್ ಮಾಡು” ಎಂದು ಬೇಡಿಕೊಂಡು, ಆಮೆನ್ ಅಂದು ರೊಟ್ಟಿ ಮುರಿದ. ಅವನ ಪಾಲಿಗೆ ಅಲ್ಲಿಗೆ ಮುಗಿಯಿತು. ಎದುರಿಗೆ ಕೂತವಳಿಗೆ ಮೈಯೆಲ್ಲ ಉರಿದುಹೋಯಿತು. ಸತ್ತದ್ದು ದೇವರ ಅಪ್ಪನೇನು?

ತಿಂಗಳ ಮೊದಲ ಭಾನುವಾರ ಚರ್ಚಿನಲ್ಲಿ ಪ್ರಭುಭೋಜನ, ಕರ್ತನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚುವ ದಿನ. ಪಾಸ್ಟರ್ ಲಾಲಪ್ಪನವರು ಪ್ರತಿಸಲ ಹೇಳುವ ಮಾತು ಒಂದೇ: “ಯಾರ ಮ್ಯಾಲಾದ್ರೂ ಮನಸ್ಸಿನಾಗ ಕಹಿ ಇದ್ರ, ಅದನ್ನ ಸರಿ ಮಾಡ್ಕೊಂಡು ಆಮ್ಯಾಲ ಬರ್ರಿ.” ಹೆಂಗಸರೆಲ್ಲ ತಲೆಗೆ ಸೆರಗು ಹೊದ್ದು ಎದ್ದು ಹೋಗುತ್ತಿದ್ದರು. ಶಿವಕಾಂತಾ ಜಮಖಾನದ ಮೇಲೆ ಒಬ್ಬಳೇ ಉಳಿಯುತ್ತಿದ್ದಳು. ಗಂಡಸರ ಕಡೆಯಿಂದ ಅಂಬಾದಾಸ ಹೋಗಿ ಕೈಯೊಡ್ಡುವುದು ಕಾಣುತ್ತಿತ್ತು. ಕ್ಷಮೆ ಸಿಕ್ಕವನಲ್ಲವೇ ಅವನು. ಅವಳಿಗೆ ಗಂಡನೂ ದೂರ, ದೇವರೂ ದೂರ. ಚಿಕ್ಕಂದಿನಿಂದ ಚರ್ಚೆಂದರೆ ತನ್ನದೇ ಮನೆ ಎಂದುಕೊಂಡಿದ್ದ ಅವಳು ಅಲ್ಲಿ ಪರದೇಶಿಯ ಹಾಗೆ ಕೂತಿರುತ್ತಿದ್ದಳು.

ಮಳೆ ನಿಂತ ಮೇಲೆ ಇನ್ನೊಂದು ಶುರುವಾಯಿತು. ಅಂಬಾದಾಸ ಊಟಕ್ಕೆ ಕೂತು ಕಣ್ಣು ಮುಚ್ಚುತ್ತಿದ್ದ, ಆದರೆ ತುಟಿ ಬಿಚ್ಚುತ್ತಿರಲಿಲ್ಲ. ಮರುದಿನವೂ ಹಾಗೇ, ಅದರ ಮರುದಿನವೂ ಹಾಗೇ. ಎಲ್ಲಿ ಹೋಗುತ್ತಾನೆ, ಯಾವಾಗ ಬರುತ್ತಾನೆ, ಒಂದೂ ಗೊತ್ತಾಗದು. ಸಿಟ್ಟಿನ ದಿನಗಳಲ್ಲೂ ಆ ದನಿಗಾಗಿ ತಾನು ಕಿವಿಗೊಟ್ಟು ಕಾಯುತ್ತಿದ್ದೆ ಎಂಬುದು ಶಿವಕಾಂತಾಳಿಗೆ ಆಗ ತಿಳಿಯಿತು. ಮನೆ ಬಿಕೋ ಎನ್ನುತ್ತಿತ್ತು. ಇವನು ತನ್ನನ್ನು ಕೈಬಿಟ್ಟನೇನೋ ಎಂದು ಅವಳಿಗೆ ನಿಜವಾಗಿ ಭಯವಾಯಿತು.

ಪ್ರಭುಭೋಜನದ ಮುನ್ನಾದಿನ, ಶನಿವಾರ ಸಂಜೆ, ಅವಳೇ ಸೋತು ಬಾಯಿ ತೆರೆದಳು.

“ದೇವರೇ, ಇವರು ಯಾಕ ಮೂಕ ಆಗ್ಯಾರ, ಸ್ವಲ್ಪ ಕೇಳು.”

“ನೀನ ಕೇಳು,” ಎಂದ ಅಂಬಾದಾಸ.

ಅವಳು ಕಣ್ಣು ತೆರೆದಳು. ಅವನು ಆಗಲೇ ತೆರೆದುಕೊಂಡು ಅವಳನ್ನೇ ನೋಡುತ್ತಿದ್ದ. ನಡು ಪ್ರಾರ್ಥನೆಯಲ್ಲಿ ಕಣ್ಣು ಬಿಡುವುದು ಆ ಮನೆಯಲ್ಲಿ ಆವರೆಗೂ ಆಗದ ಕೆಲಸ.

“ಯಾಕ ಬರಲಿಲ್ರಿ ಅಪ್ಪನ ಮಣ್ಣಿಗೆ?” ಎಂದಳು. ಕೇಳಬೇಕಾಗಿದ್ದದ್ದು ಅದೇ. ದೇವರನ್ನು ಎಷ್ಟೋ ಸಲ ಕೇಳಿದ್ದಳು, ಗಂಡನನ್ನು ಒಮ್ಮೆಯೂ ಕೇಳಿರಲಿಲ್ಲ.

“ಕೆಲಸ ಹೋಗ್ತದ ಅಂತ ಅಂಜಿದೆ. ಮಾವ ಹೆಂಗೂ ಹೋಗ್ಯಾರ, ಕೆಲಸ ಯಾಕ ಹೋಗ್ಬೇಕು ಅನಿಸ್ತು. ಸುಳ್ಳ ಯಾಕ ಹೇಳಲಿ.” ಅವನು ತಾಟು ನೋಡುತ್ತಾ ಮುಂದುವರಿಸಿದ. “ಹೋದ ಸಲ ಚರ್ಚಿನಾಗ ರೊಟ್ಟಿ ತಗೊಂಡು ತಿರುಗಿದಾಗ ನೀ ಒಬ್ಬಾಕಿ ಕೂತಿದ್ದು ಕಾಣ್ತು. ಅಷ್ಟ ತಿಂಗಳು ನಾ ನೋಡೇ ಇರಲಿಲ್ಲ. ಅವತ್ತಿನಿಂದ ಪ್ರಾರ್ಥನಿ ಬಾಯಿಗೆ ಬರವಲ್ದು. ನಿನ್ನ ಮುಂದ ಹೇಳೂದು ದೇವರ ಮುಂದ ಹೇಳಿ ಪಾರಾಗಿದ್ದೆ. ನಂದ ತಪ್ಪದ, ಶಿವಕಾಂತಾ. ನಿನಗ ಹೇಳಾಕತ್ತೀನಿ.”

ಅವಳು ಅತ್ತಳು. ಸಮಾಧಾನ ಆಯಿತೆಂದು ಅತ್ತದ್ದಲ್ಲ. ಅಪ್ಪ ಸತ್ತದ್ದಕ್ಕೆ ಗಂಡನೆದುರು ಅಳಲು ಅವಳಿಗೆ ಸಿಕ್ಕ ಮೊದಲ ದಿನ ಅದು. ರೊಟ್ಟಿ ಆರಿ ಚರ್ಮವಾಯಿತು. ಪಲ್ಯ ತಣ್ಣಗಾಯಿತು.

“ಅಪ್ಪನ ಗೋರಿ ಮಳಿಯಾಗ ಕುಸಿದದಂತ, ತಮ್ಮ ಫೋನ್ ಮಾಡಿದ್ದ,” ಎಂದಳು ಕೊನೆಗೆ, ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಾ. “ಮಣ್ಣ ಹಾಕಬೇಕಂತ.”

“ಸೋಮವಾರ ಹೋಗೂಣು.”

“ಕೆಲಸ?”

“ಹೋದ್ರ ಹೋಗ್ಲಿ.”

ಮರುದಿನ ಪಾಸ್ಟರ್ ಲಾಲಪ್ಪನವರು ಎಂದಿನ ಮಾತು ಹೇಳಿದರು. ಹೆಂಗಸರು ಎದ್ದರು. ಶಿವಕಾಂತಾ ಏಳಲಿಲ್ಲ, ಮನಸ್ಸಿನಲ್ಲಿ ಇನ್ನೂ ಸ್ವಲ್ಪ ಕಹಿ ಉಳಿದಿತ್ತು. ಅಭ್ಯಾಸದಂತೆ ಗಂಡಸರ ಕಡೆ ನೋಡಿದಳು. ಸಾಲು ಮುಂದೆ ಹೋಗಿ ಜಮಖಾನ ಖಾಲಿಯಾಗಿತ್ತು. ಅದರ ನಡುವೆ ಅಂಬಾದಾಸ ಒಬ್ಬನೇ, ಕೈಕಟ್ಟಿಕೊಂಡು, ಎಲ್ಲರ ಕಣ್ಣಿಗೆ ಬೀಳುವಂತೆ ಕೂತಿದ್ದ.